ಕ್ಲೋ ಸಾಂ-ದೆನಿ 1945: ಕುಟುಂಬದ ಲೆಕ್ಕದಲ್ಲೇ ಇಲ್ಲದ ವೈನ್

2008ರ ಏಪ್ರಿಲ್ 25ರಂದು ನ್ಯೂಯಾರ್ಕಿನ ಒಂದು ರೆಸ್ಟೋರೆಂಟಿನಲ್ಲಿ ಹಳೆಯ ವೈನ್‌ಗಳ ಹರಾಜು ನಡೆಯಿತು. ನಡೆಸಿದ್ದು ಆಕರ್ ಮೆರಾಲ್ ಅಂಡ್ ಕಾಂಡಿಟ್ ಸಂಸ್ಥೆ. ಮಾರಾಟದ ಪಟ್ಟಿಯಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಡೊಮೇನ್ ಪೋನ್ಸೋ ಎಂಬ ಕುಟುಂಬದ ತೋಟದ ಕೆಂಪು ವೈನ್ ಇತ್ತು. ಕನಿಷ್ಠ 84 ಬಾಟಲಿ. ಸುಮಾರು 6 ಲಕ್ಷ ಡಾಲರ್ ಬರಬಹುದು ಅನ್ನುವ ಅಂದಾಜು. ಆಗಿನ ದರದಲ್ಲಿ ಹತ್ತಿರ ಹತ್ತಿರ ಎರಡೂವರೆ ಕೋಟಿ ರೂಪಾಯಿ.

ಹರಾಜು ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಆ ಕುಟುಂಬದ ಲೊರಾಂ ಪೋನ್ಸೋ ಫ್ರಾನ್ಸಿನಿಂದ ವಿಮಾನದಲ್ಲಿ ಬಂದವರು ನೇರವಾಗಿ ಒಳಗೆ ಬಂದರು. ಅವರ ಮನೆತನದ ಬಾಟಲಿಗಳ ಸರದಿ ಬಂದಾಗ, ಅವನ್ನು ಹರಾಜಿನಿಂದ ವಾಪಸ್ ತೆಗೆದಿದ್ದೇವೆ ಎಂದು ಹರಾಜು ನಡೆಸುವವರು ಘೋಷಿಸಿದರು.

ನಕಲಿ ವೈನ್ ಮಾರಿದ ರೂಡಿ ಕುರ್ನಿಯಾವನ್ ಪ್ರಕರಣ ಎಂದು ಲೋಕಕ್ಕೆ ಗೊತ್ತಿರುವುದು ಇದೇ. ಇದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಂಚಕನ ಹಿಂದೆ ಹೋಗುತ್ತಾರೆ. ಅವನ ದುಬಾರಿ ಬದುಕು, ಅವನ ಚಾಣಾಕ್ಷತನ ಇತ್ಯಾದಿ. ನನಗೆ ಹೇಳಬೇಕು ಅನಿಸುವುದು ತೋಟದ ಕಡೆಯ ಕಥೆ. ವರ್ಷಗಟ್ಟಲೆ ಎಷ್ಟೋ ಅನುಭವಿಗಳ ನಾಲಿಗೆಗೆ ಸಿಗದ ಮೋಸ, ಒಂದು ಬೇಸಾಯದ ಕುಟುಂಬಕ್ಕೆ ತನ್ನ ಜಮೀನಿನ ಲೆಕ್ಕ ನೋಡಿದ ಕೂಡಲೇ ಗೊತ್ತಾಯಿತು.

ತೋಟ ಮತ್ತು ಮನೆತನ

ಬರ್ಗಂಡಿಯ ಕೋತ್ ದ ನ್ವೀ ಅನ್ನುವ ಸಣ್ಣ ಬೆಟ್ಟಸಾಲಿನ ಇಳಿಜಾರಿನಲ್ಲಿ ಮೋರೆ-ಸಾಂ-ದೆನಿ ಎಂಬ ಹಳ್ಳಿ ಇದೆ. ಒಂದು ಕಡೆ ಜೆವ್ರೇ-ಶಾಂಬರ್ತಾಂ, ಇನ್ನೊಂದು ಕಡೆ ಶಾಂಬೋಲ್-ಮ್ಯುಸಿನ್ಯಿ. ಮೂರೂ ಹಳ್ಳಿಗಳಲ್ಲಿ ಕೆಂಪು ವೈನ್ ಎಂದರೆ ಪಿನೋ ನುವಾರ್ ದ್ರಾಕ್ಷಿ ಒಂದೇ. ಬೇರೆ ಕರಿ ದ್ರಾಕ್ಷಿಗೆ ಅಲ್ಲಿ ಜಾಗವಿಲ್ಲ.

ವಿಲಿಯಂ ಪೋನ್ಸೋ ಎಂಬವರು 1872ರಲ್ಲಿ ಈ ಹಳ್ಳಿಯಲ್ಲಿ ಮನೆ ಮತ್ತು ದ್ರಾಕ್ಷಿ ತೋಟ ಕೊಂಡರು. ಫ್ರಾನ್ಸ್ ಮತ್ತು ಪ್ರಷ್ಯಾ ನಡುವಿನ ಯುದ್ಧ ಆಗಷ್ಟೇ ಮುಗಿದಿತ್ತು. ಅವರ ನಂತರ ಅದೇ ಮನೆತನದ ಇಪ್ಪೊಲಿತ್ ಪೋನ್ಸೋ, 1957ರ ಹೊತ್ತಿಗೆ ಜಾನ್-ಮಾರಿ ಪೋನ್ಸೋ, 1980ರ ದಶಕದ ಆರಂಭದಿಂದ ಅವರ ಮಗ ಲೊರಾಂ ತೋಟ ನೋಡಿಕೊಂಡರು.

ಈ ಮನೆತನದ ಹೆಸರು ನಿಂತಿರುವುದು ಕ್ಲೋ ದ ಲಾ ರೋಶ್ ಎಂಬ ತಾಕಿನ ಮೇಲೆ. ಅದು ಗ್ರಾಂ ಕ್ರೂ. ಅಂದರೆ ಬರ್ಗಂಡಿಯ ಶ್ರೇಣಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯ ಭೂಮಿ. ಇಡೀ ಕ್ಲೋ ದ ಲಾ ರೋಶ್ ಸುಮಾರು 42 ಎಕರೆ. ಅದರಲ್ಲಿ ಎಂಟು ಎಕರೆಗೂ ಮಿಕ್ಕಿ ಪೋನ್ಸೋ ಕುಟುಂಬದ್ದು. ಆ ತಾಕಿನಲ್ಲಿ ಇಷ್ಟು ದೊಡ್ಡ ಹಿಡುವಳಿ ಇನ್ಯಾರಿಗೂ ಇಲ್ಲ. ಅವರು ಸಾಧಾರಣವಾಗಿ ಬೇರೆಯವರಿಗಿಂತ ತಡವಾಗಿ ಕೊಯ್ಯುತ್ತಾರೆ. ಹೊಸ ಪೀಪಾಯಿಯ ಮರದ ವಾಸನೆ ವೈನಿಗೆ ಹತ್ತಬಾರದು ಎಂದು ಹಳೆಯ ಪೀಪಾಯಿಗಳನ್ನೇ ಬಳಸುತ್ತಾರೆ. ವೈನ್ ಕೆಡದಂತೆ ಹಾಕುವ ಗಂಧಕ ತೀರಾ ಕಮ್ಮಿ. ಇಲ್ಲಿನ ಬಳ್ಳಿಗಳಿಂದ ತೆಗೆದ ಕಡ್ಡಿಗಳಿಂದಲೇ ಪಿನೋ ನುವಾರ್‌ನ 113, 114, 115 ಎಂಬ ತಳಿಗಳು ಬಂದವು. ಇವತ್ತು ಅಮೆರಿಕದಲ್ಲೂ ನ್ಯೂಜಿಲೆಂಡಿನಲ್ಲೂ ಅವು ಬೆಳೆಯುತ್ತಿವೆ.

ಪ್ರಕರಣಕ್ಕೆ ಬೇಕಾದ ಎರಡು ಇಸವಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ.

ಮೊದಲನೆಯದು 1934. ಇಪ್ಪತ್ತನೇ ಶತಮಾನದ ಮೊದಲ ಭಾಗದವರೆಗೂ ಬರ್ಗಂಡಿಯ ಹೆಚ್ಚಿನ ರೈತರು ವೈನನ್ನು ಪೀಪಾಯಿಗಟ್ಟಲೆ ವ್ಯಾಪಾರಿಗಳಿಗೆ ಮಾರುತ್ತಿದ್ದರು. ವ್ಯಾಪಾರಿ ಅದನ್ನು ಬಾಟಲಿಗೆ ತುಂಬಿ ತನ್ನ ಹೆಸರಿನ ಲೇಬಲ್ ಅಂಟಿಸುತ್ತಿದ್ದ. ಬೆಳೆದವನ ಹೆಸರು ಎಲ್ಲೂ ಬರುತ್ತಿರಲಿಲ್ಲ. 1930ರ ದಶಕದಲ್ಲಿ ಕೆಲವು ಕುಟುಂಬಗಳು ಇದನ್ನು ಬದಲಿಸಿದವು. ತಮ್ಮ ನೆಲಮಾಳಿಗೆಯಲ್ಲೇ ಬಾಟಲಿ ತುಂಬಿ, ತಮ್ಮ ಹೆಸರಲ್ಲೇ ಮಾರಲು ಶುರು ಮಾಡಿದವು. ಹಾಗೆ ಮೊದಲು ಹೆಜ್ಜೆ ಇಟ್ಟವರಲ್ಲಿ ಇಪ್ಪೊಲಿತ್ ಪೋನ್ಸೋ ಒಬ್ಬರು. ನ್ಯಾಯಾಲಯದ ದಾಖಲೆಯ ಪ್ರಕಾರ ಪೋನ್ಸೋ ಕುಟುಂಬ ತೋಟದಲ್ಲೇ ಬಾಟಲಿ ತುಂಬಲು ತೊಡಗಿದ್ದು 1934ರಲ್ಲಿ.

ಎರಡನೆಯದು 1982. ಮೋರೆಯಲ್ಲೇ ಕ್ಲೋ ಸಾಂ-ದೆನಿ ಎಂಬ ಇನ್ನೊಂದು ಗ್ರಾಂ ಕ್ರೂ ತಾಕು ಇದೆ. ಒಟ್ಟು ಸುಮಾರು 16 ಎಕರೆ. ಪೋನ್ಸೋ ಕುಟುಂಬ ಅಲ್ಲಿ ಬೇಸಾಯ ಮಾಡುವ ತುಂಡು ಒಂದು ಎಕರೆಗೂ ಕಮ್ಮಿ. ಅದೂ ಸ್ವಂತದ್ದಲ್ಲ, ಬೇರೊಂದು ಕುಟುಂಬದ ಜಮೀನು. ಪಾಲಿಗೆ ಮಾಡುತ್ತಾರೆ. ಬೇಸಾಯ ಇವರದು, ಫಸಲಿನಲ್ಲಿ ಒಂದು ಪಾಲು ಮಾಲೀಕರಿಗೆ. ಪೋನ್ಸೋ ಹೆಸರಿನಲ್ಲಿ ಕ್ಲೋ ಸಾಂ-ದೆನಿ ವೈನ್ ಮೊದಲು ಬಂದದ್ದು ಈ ಏರ್ಪಾಟಿನ ನಂತರ, 1982ರಲ್ಲಿ.

ಪಟ್ಟಿಯಲ್ಲಿ ಇದ್ದದ್ದು

ನ್ಯೂಯಾರ್ಕಿನ ಹರಾಜಿಗೆ ಬಂದ ಬಾಟಲಿಗಳಲ್ಲಿ 1929ರ ಕ್ಲೋ ದ ಲಾ ರೋಶ್ ಇತ್ತು. ಜೊತೆಗೆ 1945ರಿಂದ 1971ರ ನಡುವಿನ ಬೇರೆ ಬೇರೆ ವರ್ಷಗಳ ಕ್ಲೋ ಸಾಂ-ದೆನಿ ಇತ್ತು. ಎಲ್ಲದರ ಮೇಲೂ ಪೋನ್ಸೋ ಹೆಸರು.

ಇದನ್ನು ಮೊದಲು ಗಮನಿಸಿದವರು ನ್ಯೂಯಾರ್ಕಿನ ವಕೀಲ ಡಗ್ ಬಾರ್ಜಲೇ. ಬರ್ಗಂಡಿ ವೈನ್‌ಗಳನ್ನು ಹತ್ತಾರು ವರ್ಷಗಳಿಂದ ಸಂಗ್ರಹಿಸುತ್ತ ಬಂದವರು ಅವರು. ಈ ಪಟ್ಟಿಯಲ್ಲಿ ಏನೋ ಸರಿಯಿಲ್ಲ ಅನಿಸಿ ಲೊರಾಂ ಅವರಿಗೆ ವಿಷಯ ಮುಟ್ಟಿಸಿದರು. ಲೊರಾಂಗೆ ಯಾವ ಬಾಟಲಿಯನ್ನೂ ಬಿಚ್ಚಿ ನೋಡಬೇಕಾಗಲಿಲ್ಲ. 1982ರ ಏರ್ಪಾಟು ಅವರ ಕಾಲದಲ್ಲೇ ಆದದ್ದು. ತಮ್ಮ ಮನೆಯವರು ಕಾಲೇ ಇಡದ ತಾಕಿನಿಂದ 1945ರಲ್ಲಿ ವೈನ್ ಬರಲು ಹೇಗೆ ಸಾಧ್ಯ? ನಮ್ಮಲ್ಲಿ ಸರ್ವೇ ನಂಬರ್, ಇಸವಿ ಹಿಡಿದು ಪಹಣಿ ತೆಗೆಸಿದರೆ ಆ ವರ್ಷ ಉಳುತ್ತಿದ್ದವರು ಯಾರು ಅಂತ ಗೊತ್ತಾಗುತ್ತದಲ್ಲ, ಅಷ್ಟು ಸರಳವಾದ ಪರೀಕ್ಷೆ ಅದು.

ಅವರು ಹರಾಜು ಸಂಸ್ಥೆಗೆ ಹೇಳಿ ಬಾಟಲಿಗಳನ್ನು ವಾಪಸ್ ತೆಗೆಯಲು ಕೇಳಿದರು. ಅಷ್ಟಕ್ಕೇ ಬಿಡಲಿಲ್ಲ. ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ತಾವೇ ನ್ಯೂಯಾರ್ಕಿಗೆ ಹೊರಟರು.

ಈ ಪ್ರಯಾಣ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಹಣದ ಲೆಕ್ಕದಲ್ಲಿ ನೋಡಿ. ಯಾರೋ ಒಬ್ಬ ಶ್ರೀಮಂತ ಇನ್ನೊಬ್ಬನಿಂದ ನಕಲಿ ಬಾಟಲಿ ಕೊಂಡರೆ ಪೋನ್ಸೋ ಕುಟುಂಬದ ಜೇಬಿನಿಂದ ಒಂದು ಯೂರೋ ಹೋಗುವುದಿಲ್ಲ. ಹಳೆಯ ಪೋನ್ಸೋ ದಾಖಲೆ ಬೆಲೆಗೆ ಹೋಯಿತು ಅನ್ನುವ ಸುದ್ದಿಯಿಂದ ಹೊಸ ವೈನಿನ ಬೆಲೆ ಏರಲೂಬಹುದು. ಸುಮ್ನೆ ಇದ್ದುಬಿಡಲು ಎಲ್ಲ ಕಾರಣಗಳೂ ಇದ್ದವು. ನಕಲಿ ಅನ್ನುವ ಮಾತು ಒಮ್ಮೆ ಹೊರಬಿದ್ದರೆ ಜನ ಅಸಲಿಯನ್ನೂ ಅನುಮಾನದಿಂದ ನೋಡುತ್ತಾರೆ ಎಂಬ ಭಯ ಎಷ್ಟೋ ಮನೆತನಗಳನ್ನು ಬಾಯಿ ಮುಚ್ಚಿಸಿತ್ತು. ಲೊರಾಂ ಬಾಯಿ ಬಿಟ್ಟರು. ಬರ್ಗಂಡಿಗೆ ಅವರು ಮಾಡಿದ ದೊಡ್ಡ ಉಪಕಾರ ಇದು ಎಂದು ನಾನು ನಂಬುತ್ತೇನೆ.

ಎರಡು ಫೋನ್ ನಂಬರ್

ಬಾಟಲಿಗಳನ್ನು ಹರಾಜಿಗೆ ಕೊಟ್ಟವನು ರೂಡಿ ಕುರ್ನಿಯಾವನ್. ಇಂಡೊನೇಷ್ಯಾದಲ್ಲಿ ಹುಟ್ಟಿ, ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಬಂದು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದವನು. ಆಗಿನ್ನೂ ಮೂವತ್ತರ ಆಸುಪಾಸು. 2006ರಲ್ಲಿ ಅದೇ ಹರಾಜು ಸಂಸ್ಥೆಯ ಮೂಲಕ ಅವನ ಸಂಗ್ರಹದ ಎರಡು ಹರಾಜು ನಡೆದಿದ್ದವು. ಜನವರಿಯದ್ದು 1 ಕೋಟಿ ಡಾಲರ್ ದಾಟಿತು. ಅಕ್ಟೋಬರಿನದ್ದು 2.4 ಕೋಟಿ ಡಾಲರ್ ದಾಟಿ ಆ ಕಾಲಕ್ಕೆ ದಾಖಲೆ ಆಯಿತು. ಅಷ್ಟು ಚಿಕ್ಕ ವಯಸ್ಸಿನವನ ಕೈಗೆ ಅಷ್ಟು ಹಳೆಯ, ಅಷ್ಟು ಅಪರೂಪದ ಬಾಟಲಿಗಳು ಎಲ್ಲಿಂದ ಬಂದವು ಎಂದು ಗಟ್ಟಿಯಾಗಿ ಕೇಳಿದವರು ಕಮ್ಮಿ.

ಕೇಳಿದ ಕೆಲವರೂ ಇದ್ದರು. 2007ರಲ್ಲಿ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆ ಅವನು ಕೊಟ್ಟಿದ್ದ 1982ರ ಶಾತೋ ಲ ಪ್ಯಾಂ ಬಾಟಲಿಗಳನ್ನು ಹರಾಜಿನಿಂದ ತೆಗೆದುಹಾಕಿತ್ತು. ಅಲ್ಲಿಯೂ ಅನುಮಾನ ಎತ್ತಿದ್ದು ತೋಟದವರೇ. ಅದೂ ಫ್ರಾನ್ಸಿನ ಬೋರ್ದೋ ಸೀಮೆಯ, ಒಂದು ಕುಟುಂಬದ ಪುಟ್ಟ ತೋಟ.

ಹರಾಜಿನ ಮರುದಿನ ಲೊರಾಂ ಮತ್ತು ರೂಡಿ ಊಟಕ್ಕೆ ಎದುರುಬದುರು ಕೂತರು. ಲೊರಾಂ ಕೇಳಿದ್ದು ಒಂದೇ: ಈ ಬಾಟಲಿಗಳು ನಿನಗೆ ಎಲ್ಲಿ ಸಿಕ್ಕಿದವು? ರೂಡಿ ನೆನಪಿಲ್ಲ, ನೋಡಿ ಹೇಳುತ್ತೇನೆ ಅಂದ. ಮುಂದೆ ಒಂದು ಹೆಸರು ಕೊಟ್ಟ: ಪಾಕ್ ಹೆಂದ್ರ, ಇಂಡೊನೇಷ್ಯಾದವನು. ಆ ದೇಶದಲ್ಲಿ ಎಷ್ಟೋ ಜನರಿಗೆ ಇರುವ ಸಾಮಾನ್ಯ ಹೆಸರು ಅದು. ಜೊತೆಗೆ ಎರಡು ಫೋನ್ ನಂಬರ್ ಕೊಟ್ಟ. ವಿಚಾರಿಸಿದಾಗ ಒಂದು ವಿಮಾನ ಕಂಪನಿಯದ್ದು, ಇನ್ನೊಂದು ಜಕಾರ್ತದ ಶಾಪಿಂಗ್ ಮಾಲ್‌ನದ್ದು ಎಂದು ಗೊತ್ತಾಯಿತು.

ಲೊರಾಂ ಬಿಡಲಿಲ್ಲ. ತೋಟದ ಕೆಲಸದ ನಡುವೆಯೇ ವರ್ಷಗಟ್ಟಲೆ ಈ ಜಾಡು ಹಿಡಿದು ಓಡಾಡಿದರು. ಕೊನೆಗೆ ತಮ್ಮ ಬಳಿ ಇದ್ದದ್ದನ್ನೆಲ್ಲ ಎಫ್‌ಬಿಐ ಮುಂದೆ ಇಟ್ಟರು.

ನಾಲಿಗೆ ಯಾಕೆ ಸಾಲಲಿಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಲಕ್ಷಾಂತರ ಡಾಲರ್ ಕೊಟ್ಟು ವೈನ್ ಕೊಳ್ಳುವವರಿಗೆ, ಅದರ ಬಗ್ಗೆ ಬರೆಯುವವರಿಗೆ ರುಚಿ ನೋಡಿ ಮೋಸ ಗೊತ್ತಾಗಬೇಕಿತ್ತು ಅಲ್ವಾ?

ಗೊತ್ತಾಗಲು ಹೋಲಿಕೆ ಬೇಕು. 1945ರ ಬರ್ಗಂಡಿಯ ರುಚಿ ಹೇಗಿರುತ್ತದೆ ಎಂದು ತಿಳಿದಿರಬೇಕಾದರೆ ಅಸಲಿ ಬಾಟಲಿಯನ್ನು ಹಲವು ಸಲ ಕುಡಿದಿರಬೇಕು. ಅಂಥವರು ಲೋಕದಲ್ಲಿ ಬೆರಳೆಣಿಕೆಯಷ್ಟು. ಅಷ್ಟು ಹಳೆಯ ವೈನ್ ಒಂದೊಂದು ಬಾಟಲಿಯಲ್ಲಿ ಒಂದೊಂದು ಥರ ಇರುತ್ತದೆ. ಬಿರಡೆ ಹೇಗಿತ್ತು, ನೆಲಮಾಳಿಗೆ ಎಷ್ಟು ತಂಪಾಗಿತ್ತು, ಎಷ್ಟು ಸಲ ಊರು ಬದಲಿಸಿತು, ಎಲ್ಲದರ ಮೇಲೂ ರುಚಿ ನಿಂತಿರುತ್ತದೆ. ಅಸಲಿ ಬಾಟಲಿಗಳೇ ಒಂದರಂತೆ ಒಂದಿಲ್ಲದಾಗ ನಕಲಿಗೆ ಅಡಗಿಕೊಳ್ಳಲು ಜಾಗ ಸಿಗುತ್ತದೆ.

ಇನ್ನೊಂದು ಮಾತೂ ಇದೆ. ರೂಡಿಗೆ ನಿಜವಾಗಿಯೂ ಒಳ್ಳೆಯ ನಾಲಿಗೆ ಇತ್ತು ಎಂದು ಅವನ ಜೊತೆ ಕೂತು ಕುಡಿದ ಎಷ್ಟೋ ಜನ ಹೇಳಿದ್ದಾರೆ. ಅವನು ಅಸಲಿ ವೈನನ್ನೂ ರಾಶಿ ರಾಶಿ ಕೊಂಡ, ಗೆಳೆಯರಿಗೆ ಕುಡಿಸಿದ. ಯಾವುದರ ಜೊತೆ ಯಾವುದು ಬೆರೆಸಿದರೆ ಹಳೆಯ ವೈನಿನ ಹತ್ತಿರ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಳೆಯದಾದರೂ ಅಷ್ಟು ಹೆಸರಿಲ್ಲದ ವ್ಯಾಪಾರಿಗಳ ಬರ್ಗಂಡಿಯನ್ನು ದೊಡ್ಡ ಪ್ರಮಾಣದಲ್ಲಿ ತರಿಸಿಕೊಂಡಿದ್ದ. ಅದು ನಿಜವಾಗಿಯೂ ಹಳೆಯ ಪಿನೋ ನುವಾರ್. ಬದಲಾಗಬೇಕಿದ್ದದ್ದು ಲೇಬಲ್ ಮಾತ್ರ.

ಅವನು ಆರಿಸಿಕೊಂಡ ಜಾಗವನ್ನೂ ನೋಡಬೇಕು. ಬೋರ್ದೋದ ದೊಡ್ಡ ಶಾತೋಗಳು, ಅಂದರೆ ಅಲ್ಲಿನ ವೈನ್ ತೋಟಗಳು, ವರ್ಷಕ್ಕೆ ಲಕ್ಷಗಟ್ಟಲೆ ಬಾಟಲಿ ಮಾಡುತ್ತವೆ. ಅವುಗಳ ಹಳೆಯ ಬಾಟಲಿಗಳು ಲೋಕದ ತುಂಬ ಇವೆ, ಹೋಲಿಸಲು ಸಿಗುತ್ತವೆ. ಬರ್ಗಂಡಿ ಹಾಗಲ್ಲ. ಫ್ರಾನ್ಸಿನ ಕಾನೂನಿನಲ್ಲಿ ಮಕ್ಕಳಿಗೆಲ್ಲ ಆಸ್ತಿಯಲ್ಲಿ ಪಾಲು ಇರುವುದರಿಂದ ಎರಡು ಶತಮಾನಗಳಲ್ಲಿ ತೋಟಗಳು ಚೂರು ಚೂರಾಗಿವೆ. ಸುಮಾರು 125 ಎಕರೆಯ ಕ್ಲೋ ದ ವೂಜೋ ಎಂಬ ಒಂದೇ ತಾಕಿಗೆ 80ರ ಆಸುಪಾಸು ಮಾಲೀಕರಿದ್ದಾರೆ. ಅಕ್ಕಪಕ್ಕದ ಸಾಲಿನ ಬಳ್ಳಿಗಳು ಬೇರೆ ಬೇರೆ ಮನೆಯವರವು. ಯಾರು ಯಾವ ವರ್ಷ ಎಲ್ಲಿ ಎಷ್ಟು ಸಾಲು ಮಾಡುತ್ತಿದ್ದರು ಅನ್ನುವುದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ. ಈ ಕತ್ತಲೆಯೇ ವಂಚಕನಿಗೆ ಅನುಕೂಲ ಆಯಿತು. ಯುದ್ಧ ಮುಗಿದ 1945ರ ಫಸಲಿಗೆ ದೊಡ್ಡ ಹೆಸರು ಇತ್ತು. ಪೋನ್ಸೋಗೆ ಹೆಸರು ಇತ್ತು. ಕ್ಲೋ ಸಾಂ-ದೆನಿಗೆ ಹೆಸರು ಇತ್ತು. ಮೂರನ್ನೂ ಒಂದು ಲೇಬಲ್ಲಿನ ಮೇಲೆ ಸೇರಿಸಿದರೆ ಕೊಳ್ಳುವವರ ಆಸೆಗೆ ಸರಿಯಾದ ಬಾಟಲಿ ತಯಾರು.

ಆದರೆ ಆ ಕತ್ತಲೆ ಹೊರಗಿನವರಿಗೆ ಮಾತ್ರ. ಮನೆಯವರಿಗೆ ತಮ್ಮ ಸಾಲುಗಳ ಚರಿತ್ರೆ ಬಾಯಿಪಾಠ. ಅಜ್ಜ ಯಾವ ವರ್ಷ ಬಾಟಲಿ ತುಂಬಲು ಶುರು ಮಾಡಿದರು, ಅಪ್ಪ ಯಾವ ತುಂಡನ್ನು ಯಾರಿಂದ ಪಾಲಿಗೆ ಹಿಡಿದರು ಎಂಬುದು ಮನೆಯ ಮಾತುಕತೆಯಲ್ಲೇ ಇರುತ್ತದೆ. ಕುಟುಂಬ ನಡೆಸುವ ತೋಟದ ವೈನಿಗೆ ಜನ ಜಾಸ್ತಿ ಬೆಲೆ ಕೊಡುವುದಕ್ಕೆ ಹಲವು ಕಾರಣ ಹೇಳುತ್ತಾರೆ. ನನ್ನ ಮಟ್ಟಿಗೆ ಗಟ್ಟಿ ಕಾರಣ ಇದು: ಆ ಬಾಟಲಿ ನಮ್ಮದು ಹೌದೋ ಅಲ್ಲವೋ ಎಂದು ಎದ್ದುನಿಂತು ಹೇಳಬಲ್ಲ ಮನುಷ್ಯ ಅಲ್ಲಿ ಇರುತ್ತಾನೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ, ಅದನ್ನು ಮರೆಯಬಾರದು. ರೂಡಿ 1945ರ ಕ್ಲೋ ದ ಲಾ ರೋಶ್ ಎಂದು ಬರೆದಿದ್ದರೆ? ಆ ವರ್ಷ ಕುಟುಂಬದ ಬಳಿ ಆ ತೋಟ ಇತ್ತು, ಬಾಟಲಿ ತುಂಬುವ ಪದ್ಧತಿಯೂ ಇತ್ತು. ಇಸವಿ ಒಂದರಿಂದಲೇ ಹಿಡಿಯಲು ಆಗುತ್ತಿರಲಿಲ್ಲ. ಕಾಗದ, ಗಾಜು, ಬಿರಡೆ, ಅಂಟು ಎಲ್ಲವನ್ನೂ ಪರೀಕ್ಷಿಸಬೇಕಾಗುತ್ತಿತ್ತು. ಸಿಕ್ಕಿಬಿದ್ದದ್ದು ತೀರಾ ಅಸಾಧ್ಯವಾದ ಬಾಟಲಿಗಳು. ಸಾಧ್ಯ ಎನ್ನುವಂಥವು ಎಷ್ಟು ದಾಟಿಹೋದವೋ.

ಆರ್ಕೇಡಿಯಾದ ಮನೆ

ಬಾಟಲಿಗಳನ್ನು ಹರಾಜಿನಿಂದ ತೆಗೆದ ನಂತರ ಬಂಧನಕ್ಕೆ ನಾಲ್ಕು ವರ್ಷ ಹಿಡಿಯಿತು. 2009ರಲ್ಲಿ ಅಮೆರಿಕದ ಉದ್ಯಮಿ ಬಿಲ್ ಕೋಕ್ ನಕಲಿ ವೈನ್ ಮಾರಿದ್ದಾನೆ ಎಂದು ರೂಡಿ ಮೇಲೆ ದಾವೆ ಹೂಡಿದರು. 2012ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ಹರಾಜಿಗೆ ಅನುಮಾನದ ಬಾಟಲಿಗಳು ಬೇರೊಬ್ಬರ ಹೆಸರಿನಲ್ಲಿ ಬಂದವು. ಅವುಗಳ ಹಿಂದೆ ರೂಡಿಯೇ ಇದ್ದಾನೆ ಎಂದು ಲಾಸ್ ಏಂಜಲೀಸಿನ ವಕೀಲ ಡಾನ್ ಕಾರ್ನ್‌ವೆಲ್ ಬಹಿರಂಗವಾಗಿ ಹೇಳಿದರು.

ಮುಂದಿನ ತಿಂಗಳು, ಮಾರ್ಚ್ 8ರ ಬೆಳಿಗ್ಗೆ ಎಫ್‌ಬಿಐ ರೂಡಿಯನ್ನು ಕ್ಯಾಲಿಫೋರ್ನಿಯಾದ ಆರ್ಕೇಡಿಯಾದಲ್ಲಿದ್ದ ಅವನ ಮನೆಯಲ್ಲಿ ಬಂಧಿಸಿತು. ಮನೆಯೊಳಗೆ ಸಿಕ್ಕ ವಸ್ತುಗಳು ಒಂದು ಕಾರ್ಖಾನೆಯನ್ನೇ ತೋರಿಸಿದವು. ದೊಡ್ಡ ದೊಡ್ಡ ವೈನ್‌ಗಳ ಹೆಸರಿನಲ್ಲಿ ಅಚ್ಚಾದ ಸಾವಿರಾರು ಲೇಬಲ್, ಬಿರಡೆಗಳು, ಮೇಣ, ಮುಚ್ಚಳದ ಹಾಳೆ, ರಬ್ಬರ್ ಮುದ್ರೆಗಳು ಇದ್ದವು. ಹಳೆ ಲೇಬಲ್ ಬಿಡಿಸಲು ನೀರಿನಲ್ಲಿ ನೆನೆಹಾಕಿದ ಬಾಟಲಿಗಳಿದ್ದವು. ಕ್ಯಾಲಿಫೋರ್ನಿಯಾದ ಅಗ್ಗದ ವೈನ್ ಬಾಟಲಿಗಳ ಮೇಲೆ, ಇದನ್ನು ಯಾವ ಹಳೆಯ ಫ್ರೆಂಚ್ ವೈನ್ ಮಾಡಬೇಕು ಎಂದು ಕೈಬರಹದ ಗುರುತುಗಳಿದ್ದವು. ದೊಡ್ಡ ಔತಣಗಳಲ್ಲಿ ಕುಡಿದು ಮುಗಿಸಿದ ಅಸಲಿ ವೈನ್‌ಗಳ ಖಾಲಿ ಬಾಟಲಿಗಳನ್ನು ಅವನು ರೆಸ್ಟೋರೆಂಟಿನಿಂದ ತನ್ನ ಮನೆಗೆ ಕಳಿಸಲು ಹೇಳುತ್ತಿದ್ದ ಎಂಬುದೂ ವಿಚಾರಣೆಯಲ್ಲಿ ಹೊರಬಂತು.

2013ರ ಡಿಸೆಂಬರಿನಲ್ಲಿ ಮ್ಯಾನ್‌ಹಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಸಾಕ್ಷಿ ಹೇಳಲು ಬರ್ಗಂಡಿಯಿಂದ ಮೂವರು ಬಂದರು. ಲೊರಾಂ ಪೋನ್ಸೋ, ಶಾಂಬೋಲ್‌ನ ಕ್ರಿಸ್ತೋಫ್ ರೂಮಿಯೇ, ಡೊಮೇನ್ ದ ಲಾ ರೊಮಾನೇ-ಕಾಂತಿಯ ಓಬೇರ್ ದ ವಿಲೇನ್. ಮೂರೂ ಕುಟುಂಬಗಳ ಹಿಡಿತದಲ್ಲಿರುವ ತೋಟಗಳು. ತಮ್ಮ ಮನೆಯ ಲೇಬಲ್ ಹೇಗಿರುತ್ತದೆ, ಹೇಗಿರುವುದಿಲ್ಲ ಎಂದು ಅವರು ಜ್ಯೂರಿಗೆ ವಿವರಿಸಿದರು. ಡಿಸೆಂಬರ್ 18ರಂದು ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು. ನಕಲಿ ವೈನ್ ಮಾರಿದ್ದು ಒಂದು ಆರೋಪ. ಸುಳ್ಳು ಹೇಳಿ 30 ಲಕ್ಷ ಡಾಲರ್ ಸಾಲ ಪಡೆದದ್ದು ಇನ್ನೊಂದು.

2014ರ ಆಗಸ್ಟಿನಲ್ಲಿ ನ್ಯಾಯಾಧೀಶ ರಿಚರ್ಡ್ ಬರ್ಮನ್ 10 ವರ್ಷ ಸೆರೆವಾಸ ವಿಧಿಸಿದರು. ಮೋಸಹೋದವರಿಗೆ 2.84 ಕೋಟಿ ಡಾಲರ್ ಪರಿಹಾರ, ಅದರ ಮೇಲೆ 2 ಕೋಟಿ ಡಾಲರ್ ಮುಟ್ಟುಗೋಲು. ವಶಪಡಿಸಿಕೊಂಡ ಬಾಟಲಿಗಳಲ್ಲಿ ನಕಲಿ ಎಂದು ಖಚಿತವಾದ 500ಕ್ಕೂ ಹೆಚ್ಚನ್ನು 2015ರ ಡಿಸೆಂಬರಿನಲ್ಲಿ ಟೆಕ್ಸಸ್‌ನಲ್ಲಿ ಪುಡಿಮಾಡಿದರು. ಶಿಕ್ಷೆ ಮುಗಿದ ಮೇಲೆ 2021ರಲ್ಲಿ ರೂಡಿಯನ್ನು ಇಂಡೊನೇಷ್ಯಾಕ್ಕೆ ಗಡೀಪಾರು ಮಾಡಲಾಯಿತು.

ತೋಟದಲ್ಲಿ ಮುಂದೆ ಏನಾಯಿತು

ಲೊರಾಂ ಮೊದಲಿನಿಂದಲೂ ಹೊಸ ಉಪಾಯಗಳನ್ನು ಹುಡುಕುವ ಸ್ವಭಾವದವರು. 2008ರ ಫಸಲಿನಿಂದ ಪೋನ್ಸೋ ಬಾಟಲಿಗಳಿಗೆ ಮರದ ತೊಗಟೆಯ ಬಿರಡೆ (ಕಾರ್ಕ್) ಬಿಟ್ಟು ಕೃತಕ ಬಿರಡೆ ಬಂತು. ಸಾಗಿಸುವಾಗ ವೈನ್ ಬಿಸಿಯಾದರೆ ಬಣ್ಣ ಬದಲಾಗುವ ಚುಕ್ಕೆ ಲೇಬಲ್ಲಿನ ಮೇಲೆ ಬಂತು. ಸಂಪ್ರದಾಯ ಬಿಡಬಾರದು ಅನ್ನುವ ಬರ್ಗಂಡಿಯಲ್ಲಿ ಇದಕ್ಕೆ ಆಕ್ಷೇಪ ಬಂದೇ ಬಂತು. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ. ವೈನ್ ಮಾಡುವಾಗ ಹಳೆಯ ಪೀಪಾಯಿ, ಹಳೆಯ ಬಳ್ಳಿ ಸರಿ. ಮಾಡಿದ್ದನ್ನು ಕಾಪಾಡಲು ಹೊಸದು ಬೇಕಾದರೆ ಹೊಸದೇ ಇರಲಿ.

2017ರಲ್ಲಿ ಲೊರಾಂ ಕುಟುಂಬದ ತೋಟ ಬಿಟ್ಟು ತಮ್ಮದೇ ಹೆಸರಿನಲ್ಲಿ ಬೇರೆ ವೈನ್ ವ್ಯವಹಾರ ಶುರು ಮಾಡಿದರು. ತೋಟದ ಜವಾಬ್ದಾರಿ ಅವರ ಸಹೋದರಿ ರೋಸ್-ಮಾರಿ ಪೋನ್ಸೋ ಅವರದಾಯಿತು.

ಪರಿಹಾರ ಮತ್ತು ಶಿಕ್ಷೆಯ ಲೆಕ್ಕ ಮುಗಿದಿದೆ, ಬಾಟಲಿಗಳ ಲೆಕ್ಕ ಮುಗಿದಿಲ್ಲ. 2006ರ ಎರಡು ಹರಾಜುಗಳಲ್ಲೇ ಮೂರು ಕೋಟಿ ಡಾಲರಿಗೂ ಮಿಕ್ಕಿದ ವೈನ್ ಕೈ ಬದಲಾಯಿತು. ಅದರಲ್ಲಿ ನಕಲಿ ಎಷ್ಟಿತ್ತೋ ಅದೆಲ್ಲ ಟೆಕ್ಸಸ್‌ಗೆ ಬಂದು ಪುಡಿಯಾಗಲಿಲ್ಲ. ಕೆಲವನ್ನು ಕೊಂಡವರು ಕುಡಿದು ಸಂತೋಷಪಟ್ಟಿರುತ್ತಾರೆ. ಉಳಿದವು ಬೇರೆ ಬೇರೆ ದೇಶಗಳ ನೆಲಮಾಳಿಗೆಗಳಲ್ಲಿ ಇವೆ, ಒಂದಲ್ಲ ಒಂದು ದಿನ ಮತ್ತೆ ಹರಾಜಿಗೆ ಬರುತ್ತವೆ. ವಾರಸುದಾರರಿಗೆ ಅವುಗಳ ಮೂಲ ಗೊತ್ತಿರಲಾರದು. ಇಷ್ಟೆಲ್ಲ ಕೆಲಸ ಒಬ್ಬನೇ ಮಾಡಿರಲು ಸಾಧ್ಯವಿಲ್ಲ ಎಂದು ಲೊರಾಂ ಹಲವು ಸಲ ಹೇಳಿದ್ದಾರೆ. ಆದರೆ ನ್ಯಾಯಾಲಯದಲ್ಲಿ ನಿಂತವನು ರೂಡಿ ಒಬ್ಬನೇ. ಹಾಗಾಗಿ ಹಳೆಯ ಬರ್ಗಂಡಿ ಕೊಳ್ಳಲು ಹೊರಟವರು ಬಾಟಲಿಯ ಫೋಟೋ ತೆಗೆದು ಮೊದಲು ತೋಟದವರಿಗೇ ಕಳಿಸಿ ಕೇಳುವುದು ಒಳ್ಳೆಯದು. ಪೋನ್ಸೋ ಹೆಸರಿದ್ದರೆ ಅದಕ್ಕೂ ಮುಂಚೆ ಇಸವಿ ನೋಡಬೇಕು: ತೋಟದಲ್ಲೇ ತುಂಬಿದ ಬಾಟಲಿಗೆ 1934, ಕ್ಲೋ ಸಾಂ-ದೆನಿಗೆ 1982.